ಕೇಮಾರಿಯ ಬೆಂಕಿ, ಪಾದೂರಿನ ನೀರು

ಕೇಳುಗರಿಗೆ ನಮಸ್ಕಾರ.

ಚೆಂಬೂರು ದಾಟಿ ಮಾಹುಲ್ ಕಡೆ ಓಡಾಡಿದವರಿಗೆ ಅಲ್ಲಿನ ಎಣ್ಣೆ ಟ್ಯಾಂಕುಗಳು ಗೊತ್ತು. ಗೋಡೆಯಾಚೆ ಸಾಲಾಗಿ ನಿಂತ ಉಕ್ಕಿನ ಹಂಡೆಗಳು. ವಾಸನೆಗೆ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತೇವೆ, ಅಷ್ಟೆ. ಯುದ್ಧದ ನಕ್ಷೆ ಬಿಡಿಸುವವರ ಕಣ್ಣಿಗೆ ಮಾತ್ರ ಮೊದಲು ಬೀಳುವುದೇ ಇಂಥ ಹಂಡೆಗಳು. ಇದೇ ಮುಂಬಯಿಯನ್ನು ನೆಲೆಯಾಗಿಸಿಕೊಂಡಿದ್ದ ನಮ್ಮ ನೌಕಾಪಡೆಯ ಕೆಲವು ಪುಟ್ಟ ನೌಕೆಗಳು 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದೊಡನೆ ಯುದ್ಧ ನಡೆದಾಗ, ಕರಾಚಿಯಲ್ಲಿ ಗುರಿಯಿಟ್ಟದ್ದೂ ಇಂಥ ಹಂಡೆಗಳಿಗೇ.

ಸೋವಿಯತ್ ಒಕ್ಕೂಟದಿಂದ ಕೊಂಡು ತಂದ ಓಸಾ ವರ್ಗದ ಕ್ಷಿಪಣಿ ದೋಣಿಗಳವು. ಒಂದೊಂದೂ ಸುಮಾರು 200 ಟನ್, ಬೆನ್ನ ಮೇಲೆ ನಾಲ್ಕು ಸ್ಟಿಕ್ಸ್ ಕ್ಷಿಪಣಿ. ಓಟಕ್ಕೆ ಕೊರತೆಯಿಲ್ಲ, ಹೊಟ್ಟೆ ಮಾತ್ರ ಚಿಕ್ಕದು. ಸ್ವಂತ ಬಂದರಿನ ಬಾಗಿಲು ಕಾಯಲೆಂದು ಕಟ್ಟಿದವು, ಊರೂರು ಸುತ್ತಲು ಅಲ್ಲ. ಮುಂಬಯಿಯಿಂದ ಕರಾಚಿಗೆ ನೇರ ಗೆರೆ ಎಳೆದರೂ 880 ಕಿಲೋಮೀಟರ್ ಹತ್ತಿರ. ಪೂರ್ತಿ ವೇಗದಲ್ಲಿ ಹೊರಟರೆ ಹೋಗುವಷ್ಟರಲ್ಲೇ ಡೀಸೆಲ್ ತಳ ಕಾಣುತ್ತದೆ, ವಾಪಸು ಬರುವ ಮಾತೇ ಇಲ್ಲ.

ಉಪಾಯ ಹೊಳೆದದ್ದು ಒಂದು ಅನನುಕೂಲದಿಂದ. ಅಷ್ಟು ಭಾರ ಎತ್ತಿ ಇಳಿಸುವ ಕ್ರೇನ್ ಆಗ ಮುಂಬಯಿಯಲ್ಲಿರಲಿಲ್ಲ. ಹಾಗಾಗಿ ದೋಣಿಗಳನ್ನು ಕಲ್ಕತ್ತೆಯಲ್ಲಿ ಇಳಿಸಿ, ದೊಡ್ಡ ಹಡಗುಗಳಿಗೆ ಹಗ್ಗ ಬಿಗಿದು, ಇಡೀ ಪರ್ಯಾಯ ದ್ವೀಪ ಸುತ್ತಿಸಿ ಎಳೆದು ತಂದರು. ಮನೆಗೆ ಎಳೆದು ತರಬಹುದಾದರೆ ಶತ್ರುವಿನ ಹೊಸ್ತಿಲಿಗೂ ಎಳೆದೊಯ್ಯಬಹುದಲ್ಲ? ಎಳೆಸಿಕೊಂಡು ಹೋಗುವ ದೋಣಿಯ ಡೀಸೆಲ್ ಉಳಿಯುತ್ತದೆ, ಎಂಜಿನ್ ಸವೆಯುವುದಿಲ್ಲ. ಅಭ್ಯಾಸ ಶುರುವಾಯಿತು.

ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕಿಲ್ತಾನ್, ಕಚ್ಚಲ್ ಹಡಗುಗಳ ಬೆಂಗಾವಲಿನಲ್ಲಿ ಕರಾಚಿಯತ್ತ ನುಗ್ಗಿದವು. ಜೊತೆಗಿದ್ದ ಪೋಷಕ್ ಎಂಬ ಟ್ಯಾಂಕರಿನ ಹೆಸರು ಭಾಷಣಗಳಲ್ಲಿ ಕೇಳಿಬರುವುದು ಅಪರೂಪ. ಡೀಸೆಲ್ ಹೊತ್ತ ಹಡಗಿಗೆ ಯಾರು ಜೈಕಾರ ಹಾಕುತ್ತಾರೆ, ಹೇಳಿ! ಆ ರಾತ್ರಿ ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ಎಂಬ ನೌಕೆಗಳು ಮುಳುಗಿದವು. ನಾಲ್ಕು ದಿನ ಬಿಟ್ಟು, 8ರ ರಾತ್ರಿ, ವಿನಾಶ್ ಎಂಬ ಒಂದೇ ದೋಣಿ ತನ್ನ ನಾಲ್ಕೂ ಕ್ಷಿಪಣಿ ಹಾರಿಸಿತು. ಅದರಲ್ಲೊಂದು ಕರಾಚಿ ಬಂದರಿನ ಕೇಮಾರಿಯಲ್ಲಿದ್ದ ತೈಲ ಟ್ಯಾಂಕುಗಳ ನಡುವೆ ಬಿತ್ತು. ವಾಯುಪಡೆಯ ಹಂಟರ್ ವಿಮಾನಗಳೂ ಅದೇ ಟ್ಯಾಂಕುಗಳ ಮೇಲೆ ಎರಗಿದ್ದವು. ಅಲ್ಲಿನ ಬೆಂಕಿ ದಿನಗಟ್ಟಲೆ ಉರಿಯಿತು.

ಇದು ನೌಕಾಪಡೆಯೊಂದರದೇ ಸಾಹಸವಲ್ಲ. ಆಗಿನ ನೌಕಾ ಮುಖ್ಯಸ್ಥ ಅಡ್ಮಿರಲ್ ಎಸ್. ಎಂ. ನಂದಾ ಯುದ್ಧಕ್ಕೆ ಮುಂಚೆಯೇ ಇಂದಿರಾ ಗಾಂಧಿಯವರ ಬಳಿ ಹೋಗಿ, ಕರಾಚಿಯ ಮೇಲೆ ದಾಳಿ ಮಾಡಿದರೆ ಸರ್ಕಾರಕ್ಕೆ ರಾಜಕೀಯ ಅಡ್ಡಿಯುಂಟೇ ಎಂದು ಕೇಳಿದ್ದರು. 1965ರಲ್ಲಿ ನೌಕಾಪಡೆಯ ಕೈ ಕಟ್ಟಿಹಾಕಲಾಗಿತ್ತು, ಆ ಕಹಿ ಅವರಲ್ಲಿತ್ತು. ಈ ಬಾರಿ ಅಡ್ಡಿ ಬರಲಿಲ್ಲ. ಹಗ್ಗ ಕಟ್ಟುವುದು, ಡೀಸೆಲ್ ತುಂಬುವುದು ಎಲ್ಲವೂ ಆ ಒಂದು ಒಪ್ಪಿಗೆಯ ನಂತರದ ಮಾತು.

ಈಗ ನಕ್ಷೆಯನ್ನು ತಿರುಗಿಸಿ ಹಿಡಿಯಿರಿ. ಕರಾಚಿಗೆ ಕೇಮಾರಿ ಹೇಗೋ ಮುಂಬಯಿಗೆ ಬಂದರಿನೊಳಗಿನ ಜವಾಹರ್ ದ್ವೀಪ, ಮಾಹುಲ್ ಹಾಗೆ. 2017ರ ಅಕ್ಟೋಬರಿನಲ್ಲಿ ಜವಾಹರ್ ದ್ವೀಪದ ಡೀಸೆಲ್ ಟ್ಯಾಂಕೊಂದಕ್ಕೆ ಸಿಡಿಲು ಬಡಿದು ಹೊತ್ತಿದ ಬೆಂಕಿ ಒಂದೇ ದಿನಕ್ಕೆ ಆರಲಿಲ್ಲ. ಇಂಥ ಕಡೆ ಉರಿಯುವ ಟ್ಯಾಂಕಿಗಿಂತ ಪಕ್ಕದ್ದನ್ನು ನೀರು ಹೊಯ್ದು ತಣ್ಣಗಿಡುವುದೇ ದೊಡ್ಡ ಕೆಲಸ, ಅದು ಕಾದರೆ ಮುಗಿಯಿತು. ಸಿಡಿಲಿಗೇ ಇಷ್ಟಾದರೆ ಕ್ಷಿಪಣಿಗೆ ಎಷ್ಟು?

ನಮ್ಮದೇ ಸಮುದ್ರದಲ್ಲಿ ಬಾಂಬೆ ಹೈ ತೈಲಕ್ಷೇತ್ರ ಇದೆಯಲ್ಲ ಎನ್ನಬಹುದು. 1974ರಲ್ಲಿ ಸಾಗರ್ ಸಾಮ್ರಾಟ್ ಎಂಬ ಕೊರೆಯುವ ನೌಕೆ ಅಲ್ಲಿ ಎಣ್ಣೆ ಕಂಡಿತು, 1976ರಲ್ಲಿ ಉತ್ಪಾದನೆ ಶುರುವಾಯಿತು. ಅರಬ್ ರಾಷ್ಟ್ರಗಳು ಎಣ್ಣೆ ಬಿಗಿಹಿಡಿದು ಬೆಲೆ ನಾಲ್ಕು ಪಟ್ಟಾದ ಬೆನ್ನಲ್ಲೇ ಸಿಕ್ಕಿದ ಅದು ದೇಶವನ್ನು ಉಳಿಸಿತು, ಸುಳ್ಳಲ್ಲ. ಆದರೆ ಇಂದು ನಾವು ಉರಿಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಹೊರಗಿನದು. ಮಾಟುಂಗದ ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಲೆಯ ಉರಿ ನೋಡಿ ಅವರು ಸಮಾಧಾನಪಡುವುದಿಲ್ಲ, ಹಿಂದೆ ತುಂಬಿದ ಸಿಲಿಂಡರ್ ಎಷ್ಟಿವೆ ಎಂದು ಎಣಿಸುತ್ತಾರೆ.

ಆ ಹಿಂದಿನ ಸಿಲಿಂಡರುಗಳು, ಅಂದರೆ ಆಪತ್ತಿಗೆಂದು ಕಚ್ಚಾ ತೈಲ ಕೂಡಿಡುವ ಜಾಗಗಳು, ದೇಶಕ್ಕೆ ಮೂರು ಕಡೆ ಇವೆ: ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ. ಮುಂಬಯಿಯ ಎಷ್ಟೋ ಹೋಟೆಲುಗಳ ಮೂಲಮನೆ ಕಾಪು, ಪಾದೂರಿನ ಆಸುಪಾಸಿನಲ್ಲೇ ಇದೆ. ರಜೆಗೆ ಊರಿಗೆ ಹೋದಾಗ ಕಾಲಡಿಯಲ್ಲಿ ಏನಿದೆ ಎಂದು ಸ್ವಲ್ಪ ಯೋಚಿಸಿ. ಮೇಲೆ ಮುರಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಆ ಬಂಡೆಯಲ್ಲಿ ಕೊರೆದ, ಹತ್ತಂತಸ್ತಿನ ಕಟ್ಟಡ ನಿಲ್ಲುವಷ್ಟು ಎತ್ತರದ ಗುಹೆಗಳಲ್ಲಿ ಎಣ್ಣೆ.

ಗುಹೆಯೊಳಗೆ ಉಕ್ಕಿನ ಒಳಹೊದಿಕೆಯಿಲ್ಲ, ಬರೀ ಕಲ್ಲು. ಕಲ್ಲೆಂದ ಮೇಲೆ ಬಿರುಕು ಇದ್ದೇ ಇದೆ. ಎಣ್ಣೆ ಸೋರದಂತೆ ತಡೆಯುವುದು ನೀರು. ಗುಹೆ ಇರುವುದು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ. ಅದರ ಮೇಲೆ ಸಣ್ಣ ಸುರಂಗ ತೋಡಿ, ಸಾಲಾಗಿ ರಂಧ್ರ ಕೊರೆದು, ಒತ್ತಡ ಕೊಟ್ಟು ನೀರು ತುಂಬುತ್ತಾರೆ. ಇದಕ್ಕೆ ನೀರಿನ ಪರದೆ ಎನ್ನುತ್ತಾರೆ. ಬಿರುಕಿನಲ್ಲಿರುವ ನೀರಿನ ಒತ್ತಡ ಎಣ್ಣೆಯ ಆವಿಯ ಒತ್ತಡಕ್ಕಿಂತ ಹೆಚ್ಚಿದ್ದಷ್ಟು ಕಾಲ ನೀರು ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಹೋಗುವುದಿಲ್ಲ. ಜಿನುಗಿದ ನೀರು ಎಣ್ಣೆಗಿಂತ ಭಾರ, ತಳಕ್ಕಿಳಿಯುತ್ತದೆ. ಅದನ್ನು ಪಂಪಿನಿಂದ ಎತ್ತಿ, ಶುದ್ಧಮಾಡಿ ಬಿಡಬೇಕು.

ಎಡವುವುದು ಅನುಕ್ರಮದಲ್ಲಿ. ಪರದೆಗೆ ಮೊದಲು ನೀರು ತುಂಬಿಸಿ, ಆಮೇಲೆ ಕೆಳಗೆ ಗುಹೆ ಅಗೆಯಬೇಕು. ಆತುರಪಟ್ಟು ಮೊದಲೇ ಅಗೆದರೆ ಬಿರುಕಿನ ನೀರು ಬಸಿದುಹೋಗಿ ಅಲ್ಲಿ ಗಾಳಿ ಸೇರುತ್ತದೆ, ಮತ್ತೆ ನೀರು ತುಂಬಿಸುವುದು ಹರಸಾಹಸ. ಸೂಕ್ಷ್ಮಾಣುಗಳು ಬೆಳೆದು ರಂಧ್ರ ಕಟ್ಟಿಕೊಳ್ಳುವುದೂ ಉಂಟು. ಆದ್ದರಿಂದ ನೀರಿನ ಮಟ್ಟ, ಒತ್ತಡಗಳನ್ನು ಗುಹೆ ಇರುವಷ್ಟು ಕಾಲವೂ ಅಳೆಯುತ್ತಲೇ ಇರಬೇಕು.

ಮೂರೂ ಕಡೆ ಸೇರಿ ಹಿಡಿಯುವುದು 53.3 ಲಕ್ಷ ಟನ್, ಅಂದರೆ ಸುಮಾರು 3 ಕೋಟಿ 90 ಲಕ್ಷ ಬ್ಯಾರೆಲ್. 2019-20ರ ಬಳಕೆಯಂತೆ ಸರ್ಕಾರದ ಲೆಕ್ಕ ಒಂಬತ್ತೂವರೆ ದಿನ. ಬಳಕೆ ಏರಿದಂತೆ ದಿನ ಇಳಿಯುತ್ತದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯರಿಗೆ ಹಾಕಿರುವ ಗೆರೆ 90 ದಿನದ ಆಮದಿನಷ್ಟು. ನಮ್ಮ ತೈಲ ಕಂಪನಿಗಳ ಸ್ವಂತ ದಾಸ್ತಾನು ಸೇರಿಸಿದರೂ 74 ದಿನವೇ.

ಖಜಾನೆಯವರ ಕಣ್ಣಿಗೆ ಇದು ಸತ್ತ ದುಡ್ಡು. ಆದರೂ 2020ರ ಏಪ್ರಿಲ್, ಮೇ ತಿಂಗಳಲ್ಲಿ ಬೆಲೆ ನೆಲಕಚ್ಚಿದಾಗ ಬ್ಯಾರೆಲ್ಲಿಗೆ ಸರಾಸರಿ 19 ಡಾಲರಿನಂತೆ ಕೊಂಡು ಗುಹೆ ತುಂಬಿಸಿದ್ದು ಜಾಣ ನಿರ್ಧಾರ. ಗುಹೆ ಮೊದಲೇ ಇದ್ದುದರಿಂದ ಸಾಧ್ಯವಾಯಿತು. ಇನ್ನೂ 65 ಲಕ್ಷ ಟನ್ನಿನ ಜಾಗಕ್ಕೆ, ಒಡಿಶಾದ ಚಾಂಡಿಖೋಲ್ ಮತ್ತು ಪಾದೂರಿನಲ್ಲೇ, 2021ರಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಬಂಡೆ ಕೊರೆಯುವ ಕೆಲಸ ಚುನಾವಣೆಯ ಪಂಚಾಂಗ ನೋಡಿ ಮುಗಿಯುವಂಥದ್ದಲ್ಲ.

ಒಂದು ಕೊರತೆ ಮಾತ್ರ ಹೇಳಲೇಬೇಕು. ಪಾದೂರಿನಲ್ಲಿರುವುದು ಕಚ್ಚಾ ತೈಲ. ಅದನ್ನು ಕ್ಷಿಪಣಿ ದೋಣಿಗೂ ಹಾಕುವಂತಿಲ್ಲ, ಬೆಸ್ಟ್ ಬಸ್ಸಿಗೂ ಹಾಕುವಂತಿಲ್ಲ. ಗುಹೆಯಿಂದ ಎತ್ತಿ, ಕೊಳವೆಯಲ್ಲಿ ಮಂಗಳೂರಿನ ಸಂಸ್ಕರಣಾಗಾರಕ್ಕೆ ಕಳಿಸಿ, ಅಲ್ಲಿ ಡೀಸೆಲ್ ಮಾಡಬೇಕು. ಆ ಡೀಸೆಲ್ ತುಂಬುವ ಟ್ಯಾಂಕುಗಳು ಮಾಹುಲಿನವುಗಳಂತೆಯೇ ಉಕ್ಕಿನವು, ನೆಲದ ಮೇಲೇ ನಿಂತಿವೆ.

ನಮಸ್ಕಾರ.