ಕೇಳದೇ ಬಿಟ್ಟ ಎರಡನೇ ಪ್ರಶ್ನೆ: ತಂತ್ರಾಂಶದಿಂದ ಮಾಹಿತಿ ಸೋರುವ ಬಗೆ

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಹರಿಹರ, ಹೊನ್ನಾಳಿ, ಜಗಳೂರು, ಹರಪನಹಳ್ಳಿ ಕಡೆಯಿಂದೆಲ್ಲ ಜನ ಚಿಕಿತ್ಸೆಗೆ ದಾವಣಗೆರೆಗೆ ಬರುತ್ತಾರೆ. ಬೆಳಿಗ್ಗೆ ಲ್ಯಾಬಿನಲ್ಲಿ ರಕ್ತ ಕೊಟ್ಟು ಮಧ್ಯಾಹ್ನದ ಬಸ್ ಹಿಡಿದವರ ಮೊಬೈಲಿಗೆ ಸಂಜೆ ಒಂದು ಲಿಂಕ್ ಬರುತ್ತದೆ. ಒತ್ತಿದರೆ ರಿಪೋರ್ಟ್ ತೆರೆದುಕೊಳ್ಳುತ್ತದೆ. ಇನ್ನೊಮ್ಮೆ ಬಂದುಹೋಗುವ ಖರ್ಚು ಉಳಿಯಿತು, ಒಳ್ಳೆಯ ಅನುಕೂಲ. ಇವತ್ತಿನ ಮಾತೆಲ್ಲ ಆ ಲಿಂಕಿನ ಸುತ್ತಲೇ.

ಲಿಂಕಿನ ತುದಿಯಲ್ಲಿ ಐಡಿ=48213 ಎಂದಿದೆ ಅಂದುಕೊಳ್ಳಿ. ಅದನ್ನು 48214 ಎಂದು ತಿದ್ದಿ ಎಂಟರ್ ಒತ್ತಿದರೆ ಏನೂ ಸಿಗಬಾರದು. ದೋಷವಿರುವ ತಂತ್ರಾಂಶದಲ್ಲಿ ಸರದಿಯಲ್ಲಿ ಹಿಂದೆ ನಿಂತಿದ್ದವರ ರಿಪೋರ್ಟ್ ಬರುತ್ತದೆ: ಹೆಸರು, ವಯಸ್ಸು, ಮೊಬೈಲ್ ನಂಬರ್, ಎಚ್‌ಐವಿ ಪರೀಕ್ಷೆಯ ಫಲಿತಾಂಶ ಎಲ್ಲವೂ. ಒಂದರಿಂದ ಐವತ್ತು ಸಾವಿರದವರೆಗೆ ಎಣಿಸುತ್ತ ಹೋಗುವ ಹತ್ತು ಸಾಲಿನ ಪ್ರೋಗ್ರಾಂ ಇದ್ದರೆ ಲ್ಯಾಬಿನ ಇಡೀ ದಾಖಲೆ ರಾತ್ರಿ ಬೆಳಗಾಗುವುದರೊಳಗೆ ಬೇರೆಯವರ ಕೈಯಲ್ಲಿರುತ್ತದೆ. ಪಾಸ್‌ವರ್ಡ್ ಕದಿಯಬೇಕಿಲ್ಲ, ವೈರಸ್ ಬಿಡಬೇಕಿಲ್ಲ.

ಇದು ಸಣ್ಣ ಊರಿನ ಸಣ್ಣ ತಂತ್ರಾಂಶಕ್ಕಷ್ಟೇ ಇರುವ ಕಾಯಿಲೆಯಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಎಂಬ, ಆಸ್ತಿಯ ಹಕ್ಕಿಗೆ ವಿಮೆ ಕೊಡುವ ಕಂಪನಿಯ ಸುಮಾರು 88.5 ಕೋಟಿ ದಾಖಲೆಗಳು ಹೀಗೆಯೇ ತೆರೆದುಕೊಂಡಿದ್ದು ಬೆಳಕಿಗೆ ಬಂತು. ಲಿಂಕಿನ ನಂಬರ್ ಬದಲಿಸಿದರೆ ಸಾಕಿತ್ತು, ಇನ್ನೊಬ್ಬರ ಬ್ಯಾಂಕ್ ಖಾತೆಯ ವಿವರ ಸಿಗುತ್ತಿತ್ತು. ವೆಬ್ ಭದ್ರತೆಯ ಬಗ್ಗೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2021ರ ಪಟ್ಟಿಯಲ್ಲಿ ಈ ಜಾತಿಯ ದೋಷಗಳನ್ನು ಮೊದಲ ಸ್ಥಾನದಲ್ಲಿಟ್ಟಿದೆ.

'ನಮ್ಮದರಲ್ಲಿ ಒಟಿಪಿ ಇದೆ, ತೊಂದರೆಯಿಲ್ಲ' ಎನ್ನುವವರು ಬಹಳ. ಇಲ್ಲಿಯೇ ಎಡವುವುದು. ತಂತ್ರಾಂಶ ಕೇಳಬೇಕಾದ ಪ್ರಶ್ನೆ ಎರಡು: ನೀವು ಯಾರು? ಈ ದಾಖಲೆ ನಿಮ್ಮದೇ? ಒಟಿಪಿ ಮೊದಲನೆಯದಕ್ಕೆ ಮಾತ್ರ ಉತ್ತರ. ಎರಡನೆಯದನ್ನು ಕೇಳದಿದ್ದರೆ, ಬ್ಯಾಂಕಿನವರು ಗುರುತು ನೋಡಿ ಲಾಕರ್ ಕೋಣೆಗೆ ಬಿಟ್ಟು, ಒಳಗಿನ ಲಾಕರ್‌ಗಳನ್ನೆಲ್ಲ ಬೀಗವಿಲ್ಲದೆ ಇಟ್ಟ ಹಾಗೆ.

ಕೋಡ್ ಬರೆಯುವವರು ಇದನ್ನು ಗಮನವಿಟ್ಟು ಕೇಳಿ. ಡೇಟಾಬೇಸಿಗೆ '48213ನೇ ರಿಪೋರ್ಟ್ ಕೊಡು' ಎಂದು ಕೇಳಬಾರದು. '48213ನೇ ರಿಪೋರ್ಟ್ ಈಗ ಲಾಗಿನ್ ಆಗಿರುವ ರೋಗಿಯದಾಗಿದ್ದರೆ ಮಾತ್ರ ಕೊಡು' ಎಂದು ಕೇಳಬೇಕು. ಆ ರೋಗಿ ಯಾರೆಂಬುದು ಸರ್ವರಿನಲ್ಲಿರುವ ಸೆಷನ್‌ನಿಂದ (ಲಾಗಿನ್ ಆದವರು ಯಾರೆಂದು ಸರ್ವರ್ ಇಟ್ಟುಕೊಂಡ ದಾಖಲೆಯಿಂದ) ಬರಬೇಕು. ಫಾರ್ಮಿನಲ್ಲಿ ಮರೆಮಾಡಿದ ಫೀಲ್ಡಾಗಿ ರೋಗಿಯ ನಂಬರ್ ಕಳಿಸಿ, ವಾಪಸ್ ಬಂದಾಗ ಅದನ್ನೇ ನಂಬುವ ಕೋಡ್ ಧಾರಾಳವಾಗಿದೆ. ಬ್ರೌಸರಿನಿಂದ ಬರುವ ಯಾವುದನ್ನೂ ಬಳಕೆದಾರ ತಿದ್ದಬಲ್ಲ. ಇನ್ನೊಂದು ಕಡೆಯೂ ಸೋರುತ್ತದೆ: ಪುಟದಲ್ಲಿ ತಪಾಸಣೆ ಇರುತ್ತದೆ, ಆದರೆ ಪಿಡಿಎಫ್ ಮಾತ್ರ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಯಾರು ಬೇಕಾದರೂ ತೆರೆಯುವಂತೆ ಕೂತಿರುತ್ತದೆ. ಫೈಲುಗಳನ್ನು ವೆಬ್ ಫೋಲ್ಡರಿನ ಹೊರಗಿಟ್ಟು, ತಪಾಸಣೆ ಮಾಡುವ ಪ್ರೋಗ್ರಾಂ ಮೂಲಕವೇ ಕೊಡಿ.

ಸರಣಿ ನಂಬರಿನ ಬದಲು ಯುಯುಐಡಿ ಎಂಬ ಉದ್ದನೆಯ ಗುರುತು ಸಂಖ್ಯೆ ಬಳಸಿದರೆ ಊಹಿಸುವುದು ಅಸಾಧ್ಯವೆನ್ನಬಹುದು. ನಾಲ್ಕನೇ ಆವೃತ್ತಿಯದರಲ್ಲಿ 122 ಯಾದೃಚ್ಛಿಕ ಬಿಟ್‌ಗಳಿರುತ್ತವೆ. ಬಳಸಿ, ಒಳ್ಳೆಯದೇ. ಆದರೆ ಲಿಂಕ್ ವಾಟ್ಸ್ಆ್ಯಪ್ ಗುಂಪಿಗೆ ಫಾರ್ವರ್ಡ್ ಆದರೆ ಅದರಿಂದ ರಕ್ಷಣೆಯಿಲ್ಲ. ಹಾಗಾಗಿ ಅವಧಿ ಹಾಕಿ, ಮೂರು ದಿನ ಎನ್ನಿ, ತೆರೆಯುವ ಮುನ್ನ ನೋಂದಾಯಿತ ಮೊಬೈಲಿಗೆ ಒಟಿಪಿ ಹೋಗಲಿ.

ಪರೀಕ್ಷಿಸಲು ಅರ್ಧ ದಿನ ಸಾಕು. ಎರಡು ನಕಲಿ ರೋಗಿಗಳ ಖಾತೆ ಮಾಡಿ. ಒಂದನ್ನು ಬ್ರೌಸರಿನ ಮಾಮೂಲಿ ಕಿಟಕಿಯಲ್ಲಿ, ಇನ್ನೊಂದನ್ನು ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಮೊದಲನೆಯವರ ಪ್ರತಿ ಲಿಂಕನ್ನೂ ಎರಡನೆಯವರ ಕಿಟಕಿಗೆ ಅಂಟಿಸಿ: ನೋಡುವುದು, ಡೌನ್‌ಲೋಡ್, ಪ್ರಿಂಟ್, ಬಿಲ್, ತಿದ್ದುಪಡಿ. ಆಮೇಲೆ ಲಾಗ್‌ಔಟ್ ಆಗಿ ಅದನ್ನೇ ಮಾಡಿ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬಿನಲ್ಲಿ ಸರ್ವರ್ ಕಳಿಸಿದ ಉತ್ತರವನ್ನು ಓದಿ. ಪರದೆಯ ಮೇಲೆ ಹೆಸರಷ್ಟೇ ಕಂಡರೂ ಉತ್ತರದೊಳಗೆ ಆಧಾರ್ ನಂಬರ್ ಪೂರ್ತಿ ಬಂದಿರಬಹುದು. ವಿದ್ಯಾರ್ಥಿಗಳಿಗೆ ಒಂದು ಮಾತು: ಇದನ್ನು ನಿಮ್ಮದೇ ತಂತ್ರಾಂಶದಲ್ಲಿ, ಇಲ್ಲವೇ ಬರಹದ ಅನುಮತಿ ಪಡೆದು ಮಾತ್ರ ಮಾಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ.

ಕೇಳಿದವರ ಮಾತನ್ನು ಸರ್ವರ್ ಪರೀಕ್ಷಿಸದೆ ನಂಬಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಹಾರ್ಟ್‌ಬ್ಲೀಡ್ ಎಂಬ ದೋಷವನ್ನು ನೋಡಿ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪೀಕರಣದ ತಂತ್ರಾಂಶದಲ್ಲಿ, ಸಂಪರ್ಕ ಜೀವಂತವಾಗಿದೆಯೇ ಎಂದು ನೋಡಲು ಒಂದು ಸೌಲಭ್ಯವಿತ್ತು. ಒಂದು ಪದ ಕಳಿಸಿ, ಅದರ ಉದ್ದ ಇಷ್ಟು ಎಂದು ತಿಳಿಸಿದರೆ ಸರ್ವರ್ ಅದನ್ನೇ ಹಿಂದಿರುಗಿಸಬೇಕು. ಒಂದೇ ಅಕ್ಷರ ಕಳಿಸಿ ಉದ್ದ 65,535 ಎಂದರೆ? ಸರ್ವರ್ ಅಳೆದು ನೋಡಲಿಲ್ಲ. ಆ ಅಕ್ಷರದ ಜೊತೆಗೆ ಮೆಮೊರಿಯಲ್ಲಿ ಪಕ್ಕದಲ್ಲಿದ್ದ ಸುಮಾರು 64 ಕೆಬಿಯನ್ನೂ ಕೊಟ್ಟುಬಿಟ್ಟಿತು. ಅದರಲ್ಲಿ ಪಾಸ್‌ವರ್ಡ್, ಸೆಷನ್ ಕುಕಿ (ಲಾಗಿನ್ ಆದವರ ಗುರುತು ಚೀಟಿ), ಕೆಲವೊಮ್ಮೆ ಸರ್ವರಿನ ಖಾಸಗಿ ಕೀ (ಗುಟ್ಟಾಗಿರಬೇಕಾದ ಗೂಢಲಿಪಿಯ ಕೀಲಿ). ಮತ್ತೆ ಮತ್ತೆ ಕೇಳಿದರೂ ಮಾಮೂಲಿ ಲಾಗ್‌ನಲ್ಲಿ (ಸರ್ವರ್ ನಡೆದದ್ದನ್ನು ಬರೆದಿಡುವ ಫೈಲಿನಲ್ಲಿ) ಗುರುತು ಉಳಿಯುತ್ತಿರಲಿಲ್ಲ. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ 1.0.1 ಆವೃತ್ತಿಯೊಂದಿಗೆ ಬಂದ ದೋಷ, 2014ರ ಏಪ್ರಿಲ್ 7ರವರೆಗೆ ಉಳಿದಿತ್ತು. ತಿದ್ದುಪಡಿಯ ತಿರುಳು ಇಷ್ಟೇ: ಹೇಳಿದ ಉದ್ದ ಬಂದದ್ದಕ್ಕಿಂತ ಹೆಚ್ಚಿದ್ದರೆ ಉತ್ತರಿಸಬೇಡ. ಆದರೆ ಅಪ್‌ಡೇಟ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೀ ಸೋರಿರಬಹುದಾದ್ದರಿಂದ ಹೊಸ ಕೀ, ಸರ್ವರಿನ ಗುರುತು ಸಾರುವ ಹೊಸ ಪ್ರಮಾಣಪತ್ರ, ಹಳೆಯದರ ರದ್ದತಿ, ಕೊನೆಗೆ ಪಾಸ್‌ವರ್ಡ್ ಬದಲಾವಣೆ ಬೇಕಾಯಿತು. ಪಾಸ್‌ವರ್ಡನ್ನು ಮೊದಲೇ ಬದಲಿಸಿದವರ ಹೊಸ ಪಾಸ್‌ವರ್ಡೂ ಅದೇ ತೂತಿನಿಂದ ಸೋರಬಹುದಿತ್ತು.

ಉಳಿದವನ್ನು ಬೇಗ ಹೇಳುತ್ತೇನೆ. ವೆಬ್ ತಂತ್ರಾಂಶ ಕಟ್ಟಲು ಬಳಸುವ ಜಾಂಗೋದಲ್ಲಿ ಡೀಬಗ್ (ದೋಷದ ಒಳವಿವರ ತೋರಿಸುವ ಆಯ್ಕೆ), ಪಿಎಚ್‌ಪಿಯಲ್ಲಿ ಎರರ್ ತೋರಿಸುವ ಆಯ್ಕೆ ಜನರ ಬಳಕೆಗೆ ಬಿಟ್ಟ ಸರ್ವರಿನಲ್ಲಿ ಬಂದ್ ಆಗಿರಬೇಕು. ಫೋಲ್ಡರಿನ ಪಟ್ಟಿ ತೋರಿಸುವುದನ್ನು ನಿಲ್ಲಿಸಿ. ಡೇಟಾಬೇಸಿನ ಬ್ಯಾಕಪ್ ಫೈಲನ್ನು ವೆಬ್ ಫೋಲ್ಡರಿನಲ್ಲಿ ಬಿಡಬೇಡಿ. ಪಾಸ್‌ವರ್ಡ್ ಗಿಟ್‌ಗೆ (ಕೋಡಿನ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ತಂತ್ರಾಂಶಕ್ಕೆ) ಒಮ್ಮೆ ಹೋದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ, ಅದನ್ನು ಬದಲಿಸಲೇಬೇಕು. ಲಾಗ್‌ಗೆ ಏನು ಬರೆಯುತ್ತಿದೆ ಎಂದೂ ನೋಡಿ. 2018ರಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಸೂಚಿಸಿದ್ದು, ಹ್ಯಾಶ್ ಆಗುವ, ಅಂದರೆ ಓದಲಾಗದ ರೂಪಕ್ಕೆ ತಿರುಗುವ ಮೊದಲೇ ಅವು ಒಳಗಿನ ಲಾಗ್‌ನಲ್ಲಿ ದಾಖಲಾಗುತ್ತಿದ್ದುದರಿಂದ.

ಸೋರಿಕೆ ಗೊತ್ತಾದರೆ ಗಾಬರಿಯಲ್ಲಿ ಸರ್ವರ್ ಫಾರ್ಮ್ಯಾಟ್ ಮಾಡಬೇಡಿ. ಆ ಲಿಂಕನ್ನು ಬಂದ್ ಮಾಡಿ, ಲಾಗ್‌ಗಳ ಪ್ರತಿ ತೆಗೆದಿಡಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಂಡಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. 'ನಿಮ್ಮ ಲಿಂಕಿನಲ್ಲಿ ಬೇರೆಯವರ ರಿಪೋರ್ಟ್ ಕಾಣುತ್ತಿದೆ' ಎಂದು ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ಬೆದರಿಸಬೇಡಿ, ಅವರು ನಿಮಗೆ ಉಪಕಾರ ಮಾಡುತ್ತಿದ್ದಾರೆ. ಆಮೇಲೆ ಲಾಗ್ ತೆರೆದು, ಒಂದೇ ಇಂಟರ್ನೆಟ್ (ಐಪಿ) ವಿಳಾಸದಿಂದ ಸಾಲಾಗಿ ಯಾವ ಯಾವ ನಂಬರ್ ತೆರೆಯಲಾಗಿದೆ ಎಂದು ಹುಡುಕಿ. ಆ ಪಟ್ಟಿಯಲ್ಲಿರುವ ಪ್ರತಿ ರೋಗಿಗೂ, ಅವರ ಯಾವ ರಿಪೋರ್ಟ್ ಯಾವ ದಿನ ಹೊರಗೆ ಹೋಯಿತು ಎಂದು ಕನ್ನಡದಲ್ಲಿ ಬರೆದು ತಿಳಿಸಿ.