ಮೈಸೂರಿಂದ ಕಲಬುರಗಿಗೆ: ಆಕಾಶದ ದೂರ, ನೆಲದ ಹೊತ್ತು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಇಲ್ಲಿ ಯಾಕಪ್ಪಾ ಈ ವಿಷಯ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ಕರ್ನಾಟಕದ ಭೂಪಟ ಹರವಿ, ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಕಲಬುರಗಿಯ ನಿಲ್ದಾಣಕ್ಕೆ ಒಂದು ದಾರ ಬಿಗಿದು ಹಿಡಿಯಿರಿ. ಅದು ಗುಬ್ಬಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ ಹಾಯ್ದು, ಶಿರಾವನ್ನು ಬಲಕ್ಕೆ ಬಿಟ್ಟು, ಹೆಚ್ಚುಕಡಿಮೆ ನೇರ ಉತ್ತರಕ್ಕೆ ಹೋಗುತ್ತದೆ. ನಮ್ಮ ತೆಂಗಿನ ತೋಟಗಳ ನೆತ್ತಿಯ ಮೇಲಿನ ದಾರಿ.

ದೂರದ ಲೆಕ್ಕ ಸುಲಭ. ಮೈಸೂರು 12.23, ಕಲಬುರಗಿ 17.31 ಡಿಗ್ರಿ ಉತ್ತರ ಅಕ್ಷಾಂಶ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದು ಗುಣಿಸಿ. ರೇಖಾಂಶದ ವ್ಯತ್ಯಾಸ ಮೂರನೇ ಒಂದು ಡಿಗ್ರಿಯೂ ಇಲ್ಲ, ಮರೆತರೂ ನಡೆಯುತ್ತದೆ. ಬರುವುದು ಸುಮಾರು 560 ಕಿ.ಮೀ.

ಹೊತ್ತಿನ ಲೆಕ್ಕ ಇಷ್ಟು ಸಲೀಸಲ್ಲ. ಯಾವ ವಿಮಾನ ಅನ್ನುವುದು ಮೊದಲ ಪ್ರಶ್ನೆ. ಅದನ್ನು ತೀರ್ಮಾನಿಸುವುದು ರನ್‌ವೇ. ಕಲಬುರಗಿಯದು ಮೂರು ಕಿ.ಮೀ.ಗೂ ಉದ್ದ. ಮಂಡಕಳ್ಳಿಯದು 1740 ಮೀಟರ್. ತುಂಬಿದ ಏರ್‌ಬಸ್ 320ಕ್ಕೆ ಅದು ಸಾಲದು. ರೆಕ್ಕೆಗೊಂದು ಪಂಖ ಇರುವ ಎಟಿಆರ್ 72ಕ್ಕೆ ಧಾರಾಳ. ಏರ್‌ಬಸ್ ಗಂಟೆಗೆ 830 ಕಿ.ಮೀ. ಹೋದರೆ ಎಟಿಆರ್ 500ರ ಆಸುಪಾಸು. ಅಂದರೆ 41 ನಿಮಿಷದ ದಾರಿ 67 ನಿಮಿಷವಾಗುತ್ತದೆ. ಒಂದು ತುದಿಯಲ್ಲಿ ಎಷ್ಟೇ ಉದ್ದದ ರನ್‌ವೇ ಇದ್ದರೂ, ವೇಗ ನಿಶ್ಚಯಿಸುವುದು ಗಿಡ್ಡನೆಯ ತುದಿಯೇ.

ಇದಕ್ಕೆ ನೆಲದ ಮೇಲೆ ಉರುಳುವುದು, ಮೇಲೇರುವುದು, ಇಳಿಯುವಾಗ ರನ್‌ವೇಗೆ ನೇರವಾಗಲು ಸುತ್ತುವುದು ಸೇರಿಸಿ. ಒಂದೂವರೆ ಗಂಟೆ ಆದೀತು. ಗಾಳಿಯ ಪ್ರಶ್ನೆ ಬಂದೇ ಬರುತ್ತದೆ. ಗಂಟೆಗೆ 30 ಕಿ.ಮೀ. ಎದುರುಗಾಳಿ ಬೀಸಿದರೂ ಹೆಚ್ಚುವುದು ನಾಲ್ಕೈದು ನಿಮಿಷ. ಸಣ್ಣ ನಿಲ್ದಾಣಗಳಲ್ಲಿ ಹೊತ್ತು ತಿನ್ನುವುದು ಗಾಳಿಗಿಂತ ಮಂಜು ಮತ್ತು ತಗ್ಗಿನ ಮೋಡ.

ಸಣ್ಣ ಊರುಗಳಿಗೂ ಕಡಿಮೆ ದರದಲ್ಲಿ ವಿಮಾನ ಒದಗಿಸುವ ಉಡಾನ್ ಯೋಜನೆ 2016ರಲ್ಲಿ ಬಂದಾಗ ಸರ್ಕಾರವೂ ಇದೇ ಗಣಿತ ಹಿಡಿಯಿತು: ಸುಮಾರು 500 ಕಿ.ಮೀ. ಅಂದರೆ ಒಂದು ಗಂಟೆಯ ಹಾರಾಟ, ದರಕ್ಕೆ ಮಿತಿ ಹಾಕಿದ ಸೀಟಿಗೆ 2500 ರೂಪಾಯಿ. ಕಲಬುರಗಿ ನಿಲ್ದಾಣ ಶುರುವಾದದ್ದು 2019ರ ನವೆಂಬರ್‌ನಲ್ಲಿ.

ಈಗ ಅಸಲು ವಿಷಯ. ಎರಡು ಸಣ್ಣ ಊರುಗಳ ನಡುವೆ ನೇರ ವಿಮಾನ ತುಂಬುವಷ್ಟು ಜನ ದಿನಾ ಸಿಗುವುದು ಕಷ್ಟ. ಆಗ ಪ್ರಯಾಣಿಕರು ದೇವನಹಳ್ಳಿಗೆ ಬಂದು ಬದಲಾಯಿಸಬೇಕು. ಮೈಸೂರಿಂದ ಅಲ್ಲಿಗೆ 156, ಅಲ್ಲಿಂದ ಕಲಬುರಗಿಗೆ 461, ಒಟ್ಟು 617 ಕಿ.ಮೀ. ನೇರ ದಾರಿಗಿಂತ ಹೆಚ್ಚಾದದ್ದು ಐವತ್ತು ಚಿಲ್ಲರೆ ಕಿ.ಮೀ. ಮಾತ್ರ, ಗಾಳಿಯಲ್ಲಿ ಏಳು ನಿಮಿಷ ಅಷ್ಟೇ! ಆದರೆ ಎರಡು ಸಲ ಏರಿ ಇಳಿದು, ನಡುವೆ ಎರಡು-ಮೂರು ಗಂಟೆ ಕಾದು, ಪ್ರಯಾಣ ಐದು ಗಂಟೆಯ ಹತ್ತಿರ ಹೋಗುತ್ತದೆ. ಎರಡನೆಯ ವಿಮಾನ ದಿನಕ್ಕೊಂದೇ ಇದ್ದು, ಅದು ಬೆಳಿಗ್ಗೆಯೇ ಹೊರಟುಬಿಟ್ಟಿದ್ದರೆ ದೇವನಹಳ್ಳಿಯಲ್ಲೇ ವಾಸ್ತವ್ಯ. ಅದಕ್ಕಿಂತ ಬಸವ ಎಕ್ಸ್‌ಪ್ರೆಸ್‌ನಲ್ಲಿ ಮಲಗಿ ಹೋಗುವುದೇ ಮೇಲು ಅನ್ನುವವರನ್ನು ನಾನು ತಪ್ಪು ಅನ್ನಲಾರೆ. ಅಂತರ್ಜಾಲದಲ್ಲಿ ಎರಡು ಊರು ಒತ್ತಿದರೆ ದೂರವನ್ನು ವೇಗದಿಂದ ಭಾಗಿಸಿ ಉತ್ತರ ಕೊಡುವ ತಾಣಗಳಿಗೆ ಈ ಕಾಯುವಿಕೆ ಕಾಣುವುದೇ ಇಲ್ಲ.

ತುಮಕೂರಿನವರ ಲೆಕ್ಕವನ್ನೂ ಹಾಕಿಬಿಡೋಣ. ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಒಂದೂವರೆಯಿಂದ ಎರಡು ಗಂಟೆ. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಚೆಕ್‌ಇನ್ ಕೌಂಟರ್ ಮುಚ್ಚುತ್ತದೆ, ಅದಕ್ಕೂ ಮುಂಚೆ ಅಲ್ಲಿರಬೇಕು. ಕಲಬುರಗಿಯವರೆಗಿನ 461 ಕಿ.ಮೀ.ಗೆ ಎಟಿಆರ್ ಗಾಳಿಯಲ್ಲಿ ಓಡುವುದು ಹೆಚ್ಚುಕಡಿಮೆ 55 ನಿಮಿಷ. ಪ್ರಶ್ನೆಗಳಿದ್ದರೆ ಕೇಳಿ, ಬೋರ್ಡಿನ ಮೇಲೆ ಇನ್ನೂ ಜಾಗ ಇದೆ.