ಮಾಡೆಲ್ ವಿಮಾನಕ್ಕೆ ಯಾಕಿಷ್ಟು ಬೆಲೆ? ಹವ್ಯಾಸಿಗಳು ಏನು ಮಾಡ್ತಿದ್ದಾರೆ?

[ದೃಶ್ಯ: ಕಾರವಾರದ ಟಾಗೋರ್ ಕಡಲತೀರ, ಟುಪೊಲೆವ್ 142]

ನಮಸ್ಕಾರ. ನನ್ನ ಹಿಂದೆ ಕಾಣ್ತಿರೋದು ಟುಪೊಲೆವ್ 142. 1988ರಿಂದ 2017ರವರೆಗೆ ನಮ್ಮ ನೌಕಾಪಡೆಗಾಗಿ ಜಲಾಂತರ್ಗಾಮಿಗಳನ್ನು ಹುಡುಕಿದ ವಿಮಾನ. ಒಂದೊಂದು ಎಂಜಿನ್‌ಗೂ ಎದುರುಬದುರು ತಿರುಗುವ ಎರಡೆರಡು ಪ್ರೊಪೆಲ್ಲರ್! ಇದನ್ನು ನೋಡಿದವರಿಗೆ ಇಂಥದ್ದೊಂದು ಮಾಡೆಲ್ ಮನೇಲಿರಲಿ ಅನಿಸೋದು ಸಹಜ. ಬೆಲೆ ನೋಡಿದ ಮೇಲೆ ಆಸೆ ಅಲ್ಲಿಗೇ ನಿಲ್ಲುತ್ತೆ.

[ದೃಶ್ಯ: ಮೇಜಿನ ಮೇಲೆ ಡೈಕಾಸ್ಟ್ (ಲೋಹದ ಎರಕದ) ಮಾಡೆಲ್, ಬಿಡಿಭಾಗ ಜೋಡಿಸುವ ಪ್ಲಾಸ್ಟಿಕ್ ಕಿಟ್]

ಮಾಡೆಲ್ ಬೆಲೆಯಲ್ಲಿ ಲೋಹಕ್ಕಿಂತ ಅಚ್ಚಿನ ಖರ್ಚು ದೊಡ್ಡದು. ಐನೂರು ಪೀಸ್ ಮಾಡಿದರೂ ಐವತ್ತು ಸಾವಿರ ಮಾಡಿದರೂ ಅಚ್ಚು ಒಂದೇ. ಕೊಳ್ಳೋರು ಕಡಿಮೆಯಾದರೆ ಉಳಿದವರ ಮೇಲೆ ಹೊರೆ ಜಾಸ್ತಿ. ಹೊರದೇಶದಿಂದ ತರಿಸೋದಾದರೆ ಅದರ ಮೇಲೆ ಸಾಗಣೆ, ಡಾಲರ್ ದರ.

ಇನ್ನು ಆಮದು ಸುಂಕ. ಸ್ಕೇಲ್ ಮಾಡೆಲ್ಲು (ನಿಜವಾದದ್ದನ್ನು ಅಳತೆಗೆ ತಕ್ಕಂತೆ ಕಿರಿದು ಮಾಡಿದ್ದು), ಮಕ್ಕಳ ಆಟಿಕೆ ಎರಡೂ ಕಸ್ಟಮ್ಸ್‌ನಲ್ಲಿ 9503 ಎಂಬ ಒಂದೇ ತಲೆಬರಹದಡಿ ಬರ್ತವೆ. ಆಟಿಕೆ ಸುಂಕ 2020ರಲ್ಲಿ 20ರಿಂದ 60 ಪ್ರತಿಶತಕ್ಕೆ, 2023ರಲ್ಲಿ 70ಕ್ಕೆ ಏರಿತು. ಸಾವಿರ ರೂಪಾಯಿ ಮಾಲಿಗೆ ಏಳುನೂರು ಸುಂಕ, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ. ಚನ್ನಪಟ್ಟಣದಂಥ ಕಡೆಯ ಕುಶಲಕರ್ಮಿಗಳಿಗೆ ರಕ್ಷಣೆ ಬೇಕು, ನಾನು ಒಪ್ತೇನೆ. ಆದರೆ ಇಲ್ಲಿ ತಯಾರಿಸುವವರೇ ವಿರಳವಾಗಿರುವ ಸ್ಕೇಲ್ ಮಾಡೆಲ್‌ಗೂ ಅದೇ ಸುಂಕ ಹಾಕೋದು ನ್ಯಾಯವಲ್ಲ.

ಹವ್ಯಾಸಿಗಳಲ್ಲಿ ಕೆಲವರು ಸಿಟ್ಟಾಗಿ ಕೊಳ್ಳೋದನ್ನೇ ಬಿಟ್ಟರು. ಕೆಲವರು ಸೆಕೆಂಡ್ ಹ್ಯಾಂಡ್ ಹುಡುಕ್ತಾರೆ, ಹಳೇದು ಮಾರಿ ಹೊಸದು ತರ್ತಾರೆ. ಬಹಳ ಜನ ಅಳತೆ ಇಳಿಸ್ತಾರೆ. ಟುಪೊಲೆವ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 50 ಮೀಟರ್. 1:72ರಲ್ಲಿ, ಅಂದರೆ 72 ಪಟ್ಟು ಕಿರಿದಾದ ಮಾಡೆಲ್‌ನಲ್ಲಿ, ಅದು 69 ಸೆಂಟಿಮೀಟರ್, 1:144ರಲ್ಲಿ 35, 1:400ರಲ್ಲಿ ಹನ್ನೆರಡೂವರೆ. ಕಪಾಟಿನಲ್ಲಿ ಜಾಗವೂ ಉಳೀತು.

[ದೃಶ್ಯ: ಶಿರಸಿ, ಬೆಂಡಿನ ಬಾಸಿಂಗ ಮಾಡುವ ಕೈಗಳು]

ನನಗೆ ಇಷ್ಟವಾದ ದಾರಿ ಬೇರೆ: ಸ್ವಂತ ಕಟ್ಟೋದು. ಬಾಲ್ಸಾ ಅನ್ನೋ ಹಗುರ ಮರ ದುಬಾರಿ ಅಂತ ಥರ್ಮಾಕೋಲ್ ಹಾಳೆ, ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಲಗೆ), ರಟ್ಟು ಬಳಸುವವರಿದ್ದಾರೆ. ಕೆತ್ತನೆ ಕಸುಬಿನ ನಮ್ಮ ಗುಡಿಗಾರರು ಹಗುರಾದ ಬೆಂಡನ್ನು, ಅಂದರೆ ಗಿಡದ ಮೆತ್ತನೆ ತಿರುಳನ್ನು, ಹಾಳೆಯಷ್ಟು ತೆಳ್ಳಗೆ ಕೊಯ್ತಾರೆ. ಆ ಕೈಚಳಕ ನೋಡಿ, ಶೋಕೇಸ್ ಮಾಡೆಲ್‌ಗೆ ಬೆಂಡು ಯಾಕಾಗಬಾರದು ಅಂತ ನನಗನಿಸಿದೆ. ನಿಮ್ಮಲ್ಲಿ ಯಾರಾದರೂ ಮಾಡಿದ್ದರೆ ದಯವಿಟ್ಟು ತೋರಿಸಿ.

ಹೊಸಬರು 1:144ರ ಪ್ಲಾಸ್ಟಿಕ್ ಕಿಟ್‌ನಿಂದ ಶುರುಮಾಡಿ. ಮಳೆಗಾಲದಲ್ಲಿ ಅಂಟಿಸಿ, ಉಜ್ಜಿ ಇಟ್ಟುಕೊಳ್ಳಿ. ಬಣ್ಣದ ಸ್ಪ್ರೇ ಮಾತ್ರ ದೀಪಾವಳಿ ಹೊತ್ತಿಗೆ ಹೊಡೆಯಿರಿ. ನಮ್ಮ ಕರಾವಳಿಯ ಮಳೆಗಾಲದ ತೇವದ ಗಾಳಿಯಲ್ಲಿ ಲ್ಯಾಕರ್ (ಬೇಗ ಒಣಗುವ, ಥಿನ್ನರ್ ಬೆರೆತ) ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತೆ.